ಅಕ್ಟೋಬರ್ 15ರ ಲೆಕ್ಕದಲ್ಲಿ ಇಲ್ಲದ ನದಿ

ನಾಸಿಕ್ ನಗರದ ಭಾಗವಾದ ನಾಸಿಕ್ ರೋಡಿನಿಂದ ಪುಣೆಯ ಹೆದ್ದಾರಿ ಹಿಡಿದವರಿಗೆ ಊರು ಮುಗಿಯುವಲ್ಲೇ ದಾರಣಾ ನದಿ ಸಿಗುತ್ತದೆ. ಅದರ ದಂಡೆಯ ಊರು ಚೇಹೆಡಿ. ಅಲ್ಲಿಯ ಬಾಂದಾರದಲ್ಲಿ ನಿಂತ ನೀರನ್ನು ಪಂಪುಗಳು ಎತ್ತಬೇಕು, ಶುದ್ಧೀಕರಿಸಿದ ಮೇಲೆ ಅದು ನಾಸಿಕ್ ರೋಡಿನ ಮನೆಗಳ ನಲ್ಲಿಗೆ ಬರಬೇಕು. ಆದರೆ ಅದೇ ಬಾಂದಾರದ ನೀರಿಗೆ ವಾಲದೇವಿ ನದಿಯೂ ಬಂದು ಸೇರುತ್ತದೆ. ದಾರಿಯ ಬಡಾವಣೆಗಳ ಕೊಳಚೆಯನ್ನು ಹೊತ್ತುಕೊಂಡೇ ಸೇರುತ್ತದೆ.

ಬೇಸಿಗೆಯಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಡುವುದು ನಿಂತಾಗ ಬಾಂದಾರದಲ್ಲಿ ಉಳಿಯುವುದು ಕದಡಿದ, ನಾರುವ ನೀರು. ಅಂಥ ದಿನಗಳಲ್ಲಿ ಮಹಾನಗರಪಾಲಿಕೆ ಚೇಹೆಡಿಯ ಪಂಪು ನಿಲ್ಲಿಸಿ, ನಗರದ ಆ ತುದಿಯಲ್ಲಿರುವ ಗಂಗಾಪುರ ಅಣೆಕಟ್ಟಿನ ನೀರನ್ನು ಈ ತುದಿಗೆ ತಿರುಗಿಸುತ್ತದೆ. ನಲ್ಲಿಯ ಧಾರೆ ಸಣ್ಣದಾಗುತ್ತದೆ. ಕೊಡದ ಬಾಯಿಗೆ ಮಡಿಸಿದ ಬಟ್ಟೆ ಕಟ್ಟಿ ಸೋಸುವುದು, ಸೋಸಿದ್ದನ್ನು ಕುದಿಸುವುದು ಮನೆಯ ಹೆಂಗಸರ ಬೆಳಗಿನ ಕೆಲಸಕ್ಕೆ ಸೇರಿಕೊಳ್ಳುತ್ತದೆ.

ಬಚ್ಚಲಿನ ಕಾಲುವೆಯನ್ನು ಕುಡಿಯುವ ನೀರಿನ ಬಾವಿಗೆ ತಿರುಗಿಸಿಟ್ಟು, ಬಾವಿ ಕೆಟ್ಟ ದಿನ ಬೇರೆ ಬಾವಿಗೆ ಹಗ್ಗ ಹಾಕುವ ಸಂಸಾರವನ್ನು ಊರು ಏನೆಂದು ಕರೆಯುತ್ತದೆ? ಲಕ್ಷಾಂತರ ಜನರ ನಗರವೊಂದು ಇದನ್ನೇ ವರ್ಷವರ್ಷ ಮಾಡುತ್ತಿದೆ. ಅದು ಆಡಳಿತದ ಮಾಮೂಲು ಕ್ರಮವೆಂಬಂತೆ ನಡೆದುಕೊಂಡು ಬರುತ್ತಿದೆ. ಈ ಸಂಗತಿಯನ್ನು ಓದುಗರ ಮುಂದೆ ವಿವರವಾಗಿ ಇಡುವುದು ನಮ್ಮ ಕರ್ತವ್ಯ.

ನಾಸಿಕ್ ಜಿಲ್ಲೆಯ ಭೂಗೋಳವನ್ನು ಅರಿಯದೆ ಈ ಬಿಕ್ಕಟ್ಟು ಅರ್ಥವಾಗುವುದಿಲ್ಲ. ಪಶ್ಚಿಮದಲ್ಲಿ ಸಹ್ಯಾದ್ರಿಯ ಶಿಖರಗಳು. ಇಗತಪುರಿ, ತ್ರ್ಯಂಬಕೇಶ್ವರ, ಪೇಠ, ಸುರಗಾಣಾ ತಾಲ್ಲೂಕುಗಳಲ್ಲಿ ಮುಂಗಾರು ಧಾರಾಕಾರ. ಪೂರ್ವಕ್ಕೆ ಸರಿದಂತೆ ಸಿನ್ನರ್, ಯೇವಲಾ, ಚಾಂದವಡ, ನಾಂದಗಾಂವ್‌ಗಳಲ್ಲಿ ಮಳೆನೆರಳಿನ ಒಣನೆಲ. ಎರಡರ ನಡುವೆ, ದಾರಣಾ ಹೋಗಿ ಸೇರುವ ಗೋದಾವರಿ. ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ ಹುಟ್ಟುವ ಈ ನದಿಗೆ ಅರಬ್ಬೀ ಸಮುದ್ರ ಸುಮಾರು 80 ಕಿ.ಮೀ. ದೂರದಲ್ಲೇ ಇದೆ. ಆದರೂ ಅದು ಮುಖ ತಿರುಗಿಸಿ 1,465 ಕಿ.ಮೀ. ಹರಿದು ಬಂಗಾಳ ಕೊಲ್ಲಿಗೆ ಸೇರುತ್ತದೆ. ದಖ್ಖನಿನ ಒಣನೆಲಕ್ಕೆ ಪ್ರಕೃತಿ ಕೊಟ್ಟ ದೊಡ್ಡ ವರ ಇದು.

ಈ ಜಿಲ್ಲೆಯ ಸಂಪತ್ತೆಲ್ಲ ಆ ನೀರಿನ ಮೇಲೆ ನಿಂತಿದೆ. ನಿಫಾಡ, ದಿಂಡೋರಿಯ ದ್ರಾಕ್ಷಿ, ಲಾಸಲಗಾಂವ್ ಮಾರುಕಟ್ಟೆಯ ಈರುಳ್ಳಿ, ಪಿಂಪಳಗಾಂವ್‌ನ ಟೊಮೆಟೊ, ಸಾತಪುರ ಮತ್ತು ಅಂಬಡದ ಕೈಗಾರಿಕೆಗಳು, ಏಕಲಹರೆಯ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಎಲ್ಲವೂ ಇದೇ ನದಿವ್ಯವಸ್ಥೆಯ ಮಕ್ಕಳು. 2011ರ ಜನಗಣತಿಯಂತೆ ಜಿಲ್ಲೆಯಲ್ಲಿ 61 ಲಕ್ಷ ಜನ. ಪ್ರತಿ ನಾಲ್ವರಲ್ಲಿ ಒಬ್ಬರು ಆದಿವಾಸಿಗಳು. ಕೋಳಿ ಮಹಾದೇವ, ಕೋಕಣಾ, ವಾರ್ಲಿ, ಭಿಲ್ಲ ಸಮುದಾಯದ ಈ ಜನ ವಾಸಿಸುವುದು ಬಹುಮಟ್ಟಿಗೆ ನದಿಗಳು ಹುಟ್ಟುವ ಬೆಟ್ಟಗಳಲ್ಲೇ. ಮಳೆ ಸುರಿಯುವ ಆ ಹಾಡಿಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಹೆಂಗಸರು ಬತ್ತಿದ ಬಾವಿಯ ಗೋಡೆ ಹಿಡಿದು ಕೆಳಗಿಳಿದು, ಬಟ್ಟಲಲ್ಲಿ ನೀರು ತೋಡಿ ಕೊಡ ತುಂಬುತ್ತಾರೆ. ಅಣೆಕಟ್ಟುಗಳಿಗೆ ನೀರು ಕೊಡುವ ನೆಲಕ್ಕೆ ಅಣೆಕಟ್ಟಿನ ನೀರು ಹಿಂದಿರುಗಿ ಹತ್ತುವುದಿಲ್ಲ.

ನೀರಿನ ಗುಣಕ್ಕೆ ಲೆಕ್ಕವಿಲ್ಲದಿದ್ದರೂ, ಎಣಿಸುವುದು ನಾಸಿಕ್‌ಗೆ ಹೊಸತಲ್ಲ. ಬ್ರಿಟಿಷರ ಕಾಲದಲ್ಲಿ, 1920ರ ದಶಕದಲ್ಲಿ ನಾಸಿಕ್ ರೋಡಿನಲ್ಲಿ ಇಂಡಿಯಾ ಸೆಕ್ಯುರಿಟಿ ಪ್ರೆಸ್ ಮತ್ತು ಅದರ ಬೆನ್ನಿಗೆ ಕರೆನ್ಸಿ ನೋಟ್ ಪ್ರೆಸ್ ಆರಂಭವಾದವು. ಇಂದಿಗೂ ಇಲ್ಲಿಂದ ಹೊರಡುವ ಪ್ರತಿ ನೋಟಿಗೂ ಒಂದು ಸಂಖ್ಯೆ ಇದೆ. ಕೆಟ್ಟ ಹಾಳೆಗೂ ಲೆಕ್ಕ ಒಪ್ಪಿಸಬೇಕು.

ದ್ರಾಕ್ಷಿಯದೂ ಅದೇ ಕಥೆ. 2010ರಲ್ಲಿ ನಾಸಿಕ್‌ನ ದ್ರಾಕ್ಷಿಯಲ್ಲಿ ಬೆಳವಣಿಗೆ ನಿಯಂತ್ರಕ ರಾಸಾಯನಿಕವೊಂದರ ಅಂಶ ಮಿತಿ ಮೀರಿದೆಯೆಂದು ಯುರೋಪಿನ ಬಂದರುಗಳಲ್ಲಿ ಸರಕು ತಡೆಹಿಡಿಯಲ್ಪಟ್ಟಾಗ ಇಡೀ ಜಿಲ್ಲೆ ಪಾಠ ಕಲಿಯಿತು. ಈಗ ರಫ್ತಿನ ತೋಟವೊಂದೊಂದೂ ಕೃಷಿ ರಫ್ತು ಪ್ರಾಧಿಕಾರ ಅಪೆಡಾದ ಗ್ರೇಪ್‌ನೆಟ್ ವ್ಯವಸ್ಥೆಯಲ್ಲಿ ನೋಂದಣಿಯಾಗಬೇಕು, ಗೊಂಚಲಿನ ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು, ವರದಿ ಬಂದ ಮೇಲೆಯೇ ಪೆಟ್ಟಿಗೆ ಹೊರಡಬೇಕು. ದೂರದೇಶದ ಮಗುವಿನ ಬಾಯಿಗೆ ಹೋಗುವ ಹಣ್ಣಿಗೆ ಇಷ್ಟು ಕಾವಲು. ಅದು ಸರಿಯೇ. ಆದರೆ ಆ ತೋಟದ ಪಕ್ಕದಲ್ಲೇ ಹರಿಯುವ, ಇದೇ ನೆಲದ ಮಗು ಕುಡಿಯುವ ನೀರಿಗೆ ಅದರ ಅರ್ಧದಷ್ಟು ಕಾವಲೂ ಇಲ್ಲ.

ಅಳತೆಯೇ ನಡೆಯುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿ ಮಾದರಿ ಸಂಗ್ರಹಿಸುತ್ತದೆ, ವರದಿ ಬರೆಯುತ್ತದೆ. 2018ರಲ್ಲಿ ಕೇಂದ್ರ ಮಂಡಳಿ ದೇಶದ 351 ಕಲುಷಿತ ನದಿಪಾತ್ರಗಳನ್ನು ಪಟ್ಟಿ ಮಾಡಿತು. ಅದರಲ್ಲಿ 53 ಮಹಾರಾಷ್ಟ್ರದವು. ನಾಸಿಕ್‌ನ ಸೋಮೇಶ್ವರದಿಂದ ಕೆಳಕ್ಕೆ ಹರಿಯುವ ಗೋದಾವರಿ ಆ ಪಟ್ಟಿಯಲ್ಲಿ ಮೊದಲ ಆದ್ಯತೆಯ ದರ್ಜೆ ಪಡೆಯಿತು. ಅಂದರೆ ಅತ್ಯಂತ ಕೆಟ್ಟ ದರ್ಜೆ. 2022ರ ಪಟ್ಟಿಯಲ್ಲಿ ದೇಶದ ಒಟ್ಟು ಸಂಖ್ಯೆ 311ಕ್ಕೆ ಇಳಿದರೂ ಮಹಾರಾಷ್ಟ್ರದ್ದು 55ಕ್ಕೆ ಏರಿತು. ವರದಿ ಬಂದಿತು, ಕಡತ ಸೇರಿತು. ಆ ಅಂಕಿಯಿಂದ ಯಾವ ಅಧಿಕಾರಿಯ ಯಾವ ನಿರ್ಧಾರವೂ ಬದಲಾಗಲಿಲ್ಲ. ಕೊರತೆ ಇರುವುದು ಇಲ್ಲಿ.

ನೀರಿನಲ್ಲಿ ಕರಗಿದ ಕೊಳೆಯನ್ನು ಸೂಕ್ಷ್ಮಜೀವಿಗಳು ಕರಗಿಸಲು ಬೇಕಾಗುವ ಆಮ್ಲಜನಕದ ಪ್ರಮಾಣವನ್ನು ಬಿಒಡಿ ಎನ್ನುತ್ತಾರೆ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ತಪೋವನ, ಆಗರ ಟಾಕಳಿ, ಚೇಹೆಡಿ, ಪಂಚಕ್‌ಗಳಲ್ಲಿರುವ ನಾಸಿಕ್‌ನ ಕೊಳಚೆ ಶುದ್ಧೀಕರಣ ಘಟಕಗಳು ರೂಪುಗೊಂಡದ್ದು 30 ಮಿಲಿಗ್ರಾಂವರೆಗೆ ಬಿಡಬಹುದೆಂಬ ಹಳೆಯ ಮಾನದಂಡಕ್ಕೆ. ಈಗಿನ ಮಾನದಂಡ 10. ಹಳೆಯ ಘಟಕ ತನ್ನ ಕೆಲಸವನ್ನು ಚಾಚೂತಪ್ಪದೆ ಮಾಡಿದರೂ ಹೊರಬರುವ ನೀರು ಮೀಯಲು ಯೋಗ್ಯವಾಗುವುದಿಲ್ಲ. ನದಿಯಲ್ಲಿ ಸಾಕಷ್ಟು ಶುದ್ಧನೀರು ಹರಿಯುತ್ತಿದ್ದರೆ ಅದು ತಿಳಿಯಾಗುತ್ತದೆ. ಬೇಸಿಗೆಯ ಗೋದಾವರಿಯಲ್ಲಿ ಆ ಹರಿವೇ ಇರುವುದಿಲ್ಲ. ಆಗ ನದಿಯೆಂದರೆ ಘಟಕಗಳಿಂದ ಬಿಟ್ಟ ನೀರು, ಜೊತೆಗೆ ನಂದಿನಿ, ವಾಘಾಡಿಯಂಥ ಉಪನದಿಗಳು ಹೊತ್ತು ತರುವ, ಯಾವ ಘಟಕವನ್ನೂ ಕಾಣದ ಚರಂಡಿ.

ಹರಿವು ಇಲ್ಲದಿರುವುದಕ್ಕೂ ಕಾರಣಗಳಿವೆ. ತ್ರ್ಯಂಬಕದ ಪೇಟೆಯಲ್ಲಿ ಗೋದಾವರಿಯ ಮೇಲೆ ಕಾಂಕ್ರೀಟ್ ಚಪ್ಪಡಿ ಹಾಸಿ ಹುಟ್ಟೂರಿನಲ್ಲೇ ಅದನ್ನು ಮುಚ್ಚಲಾಯಿತು. ಬ್ರಹ್ಮಗಿರಿಯ ಸುತ್ತಲ ಬೆಟ್ಟಗಳನ್ನು ಕಲ್ಲು-ಮಣ್ಣಿಗಾಗಿ ಅಗೆಯುವುದರ ವಿರುದ್ಧ 2021ರಲ್ಲಿ ಜನ ಬೀದಿಗಿಳಿಯಬೇಕಾಯಿತು. ನಗರದೊಳಗೆ ಕುಂಭಮೇಳದ ಸ್ನಾನ ನಡೆಯುವ ರಾಮಕುಂಡದ ಆಸುಪಾಸಿನ ಪಾತ್ರಕ್ಕೆ 2003ರ ಮೇಳದ ಹೊತ್ತಿಗೆ ತಳದಿಂದಲೇ ಕಾಂಕ್ರೀಟ್ ಸುರಿಯಲಾಯಿತು. ದಶಾಶ್ವಮೇಧ, ರಾಮಗಯಾ ಮುಂತಾದ ಹೆಸರುಗಳಲ್ಲಿ ಪುರಾಣಪ್ರಸಿದ್ಧವಾದ ಕುಂಡಗಳಿದ್ದ ಜಾಗ ಅದು. ಆ ಕುಂಡಗಳು ಪೂಜೆಯ ಸ್ಥಳವಷ್ಟೇ ಆಗಿರಲಿಲ್ಲ. ತಳದ ಒರತೆಗಳು ಮಳೆಗಾಲ ಕಳೆದ ಮೇಲೂ ನದಿಯನ್ನು ಜೀವಂತ ಇಡುತ್ತಿದ್ದವು. ಭಕ್ತರ ಕಾಲು ಜಾರದಿರಲೆಂದು ನದಿಯ ಕಣ್ಣುಗಳನ್ನೇ ಮುಚ್ಚಲಾಯಿತು. ನಾಗರಿಕರು ನ್ಯಾಯಾಲಯಕ್ಕೆ ಹೋಗಿ, ಹಳೆಯ ನಕ್ಷೆ ಹಿಡಿದು ವರ್ಷಗಟ್ಟಲೆ ಕಾದಾಡಿದ ಮೇಲೆ ಕೆಲವೆಡೆ ಕಾಂಕ್ರೀಟ್ ಕಿತ್ತಿದ್ದಾರೆ. ಕಿತ್ತದ್ದು ಸ್ವಲ್ಪ, ಉಳಿದದ್ದು ಬಹಳ.

ರಾಮಕುಂಡದ ಬಳಿ ಎರಡು ಮೊಗದ ಮಾರುತಿಯ ಎತ್ತರದ ವಿಗ್ರಹವಿದೆ. ಜನರ ಬಾಯಲ್ಲಿ ಅದು ದುತೋಂಡ್ಯಾ ಮಾರುತಿ. ಮಳೆಗಾಲದಲ್ಲಿ ನಾಸಿಕ್‌ನವರಿಗೆ ಪ್ರವಾಹದ ಅಳತೆಗೋಲು ಅದೇ. ನೀರು ಮಾರುತಿಯ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಕೊರಳಿಗೆ ಬಂತು ಎಂದು ಊರು ಮಾತಾಡುತ್ತದೆ. 1969 ಮತ್ತು 2008ರ ಮಹಾಪೂರವನ್ನು ಹಿರಿಯರು ಇಂದಿಗೂ ಹಾಗೆಯೇ ನೆನೆಯುತ್ತಾರೆ. ನದಿಯ ಏರಿಳಿತವನ್ನು ಇಷ್ಟು ಆಪ್ತವಾಗಿ ಗಮನಿಸುವ ಜನ ಇವರು. ಅದರ ಆರೋಗ್ಯವನ್ನು ತಿಳಿಯಲು ಅವರಿಗೆ ಅಂಥದೊಂದು ಅಳತೆಗೋಲನ್ನು ಯಾವ ಆಡಳಿತವೂ ನೆಟ್ಟುಕೊಟ್ಟಿಲ್ಲ.

ಕೊಳಚೆ ನಾಸಿಕ್‌ನಲ್ಲಿ ನಿಲ್ಲುವುದಿಲ್ಲ. ಕೆಳಗೆ ನಿಫಾಡ ತಾಲ್ಲೂಕಿನಲ್ಲಿ, ಗೋದಾವರಿಗೆ ಕಾದವಾ ನದಿ ಸೇರುವಲ್ಲಿ ನಾಂದೂರ ಮಧ್ಮೇಶ್ವರದ ಬಾಂದಾರವಿದೆ. ಶತಮಾನದ ಹಿಂದೆ ಕಾಲುವೆಗಳಿಗಾಗಿ ಕಟ್ಟಿದ ಅದರ ಹಿನ್ನೀರಿನಲ್ಲಿ ಹೂಳು ತುಂಬಿ ಜೌಗುನೆಲವಾಯಿತು. ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬಂದವು. 2020ರಲ್ಲಿ ಅದು ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣವೆಂಬ ಗೌರವ ಪಡೆಯಿತು. ನಗರದ ಕೊಳೆಯನ್ನು ಬೇರುಗಳಲ್ಲಿ ಹಿಡಿದಿಟ್ಟುಕೊಳ್ಳುತ್ತಿರುವುದು ಈಗ ಆ ಜೌಗುನೆಲ ಮತ್ತು ಅಲ್ಲಿ ಹಬ್ಬಿದ ಅಂತರಗಂಗೆ. ಅಲ್ಲಿಂದ ಹೊರಟ ಕಾಲುವೆಗಳು ಯೇವಲಾ, ಕೋಪರಗಾಂವ್‌ಗಳ ಹೊಲಕ್ಕೆ ಹೋಗುತ್ತವೆ. ನದಿ ಪೈಠಣದ ಕಡೆ ಸಾಗುತ್ತದೆ.

ಪೈಠಣದಲ್ಲಿ ಜಾಯಕವಾಡಿ. 1965ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ, 1976ರಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದ ಅಣೆಕಟ್ಟು. ಒಟ್ಟು ಸುಮಾರು 102 ಟಿಎಂಸಿ ಸಾಮರ್ಥ್ಯದ ಅದರ ಜಲಾಶಯಕ್ಕೆ ಸಂತ ಏಕನಾಥರ ನೆನಪಿನಲ್ಲಿ ನಾಥಸಾಗರ ಎಂಬ ಹೆಸರು. ಅದರ ಬದಿಯ ಉದ್ಯಾನವನ್ನು ನಮ್ಮ ಕನ್ನಂಬಾಡಿಯ ಬೃಂದಾವನದ ಮಾದರಿಯಲ್ಲೇ ರೂಪಿಸಲಾಯಿತು. ಮರಾಠವಾಡದ ಪಾಲಿಗೆ ಅದು ಹೊಲದ ನೀರು, ಕಾರ್ಖಾನೆಯ ನೀರು, ಎಲ್ಲಕ್ಕಿಂತ ಮೊದಲು ಛತ್ರಪತಿ ಸಂಭಾಜಿನಗರದ ಕುಡಿಯುವ ನೀರು.

ಆ ನಗರದ ಸ್ಥಿತಿ ಸಭ್ಯ ಸಮಾಜಕ್ಕೆ ಒಪ್ಪುವಂಥದ್ದಲ್ಲ. ಐವತ್ತು ಕಿ.ಮೀ. ಒಳಗೆ ಸಮುದ್ರದಂಥ ಜಲಾಶಯವಿದ್ದೂ ಅನೇಕ ಬಡಾವಣೆಗಳ ಜನ ನಲ್ಲಿಯ ನೀರಿಗಾಗಿ ವಾರಗಟ್ಟಲೆ ಕಾದು, ಬಂದ ದಿನ ಡ್ರಮ್ಮು, ಟಾಕಿ, ಬಿಂದಿಗೆಗಳಿಗೆಲ್ಲ ತುಂಬಿಕೊಳ್ಳುತ್ತಾ ಬಂದಿದ್ದಾರೆ. 1,680 ಕೋಟಿ ರೂಪಾಯಿಯ ಹೊಸ ಯೋಜನೆಗೆ 2020ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆಯಾಯಿತು. ವೆಚ್ಚ 2,740 ಕೋಟಿಗೆ ಬೆಳೆಯಿತು. ಕಾಮಗಾರಿಯ ಮೇಲೆ ಹೈಕೋರ್ಟೇ ಕಣ್ಣಿಡಬೇಕಾಯಿತು. ಇದೇ ಊರಿಗೆ 17ನೆಯ ಶತಮಾನದ ಆರಂಭದಲ್ಲಿ ಮಲಿಕ್ ಅಂಬರ್ ನೆಲದೊಳಗಿನ ಕಾಲುವೆಗಳ ಮೂಲಕ ನೀರು ತಂದಿದ್ದ. ಇಥಿಯೋಪಿಯಾದಿಂದ ಗುಲಾಮನಾಗಿ ಬಂದು ಅಹಮದನಗರದ ನಿಜಾಮಶಾಹಿಯ ಆಡಳಿತಗಾರನಾದ ಆ ಮನುಷ್ಯನ ‘ನೆಹರ್-ಎ-ಅಂಬರಿ’ ಶತಮಾನಗಳ ಕಾಲ ಹರಿಯಿತು. ನೀರನ್ನು ಊರಿನ ಜೀವವೆಂದು ತಿಳಿದ ಆಡಳಿತ ಏನು ಮಾಡಬಲ್ಲದು ಎಂಬುದಕ್ಕೆ ಸಾಕ್ಷಿ ಅಲ್ಲಿಯೇ ಉಳಿದಿದೆ.

ಮೇಲಿನ ಜಿಲ್ಲೆ, ಕೆಳಗಿನ ಜಿಲ್ಲೆಗಳ ಜಗಳ ಕಾವೇರಿಯನ್ನು ಕಂಡ ಕನ್ನಡಿಗರಿಗೆ ಹೊಸತಲ್ಲ. ಇಲ್ಲಿ ಎರಡೂ ಕಡೆಯವರು ಒಂದೇ ರಾಜ್ಯದವರು. 2005ರ ಮಹಾರಾಷ್ಟ್ರ ಜಲಸಂಪತ್ತು ನಿಯಂತ್ರಣ ಪ್ರಾಧಿಕಾರ ಕಾಯ್ದೆ ಸಮಾನ ಹಂಚಿಕೆಯ ತತ್ತ್ವವನ್ನು ಮುಂದಿಟ್ಟಿತು. ಮೇಂಢೇಗಿರಿ ಸಮಿತಿ ಅದಕ್ಕೆ ಲೆಕ್ಕದ ರೂಪ ಕೊಟ್ಟಿತು. 2016ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಪ್ರತಿ ವರ್ಷ ಅಕ್ಟೋಬರ್ 15ರಂದು ಜಾಯಕವಾಡಿಯ ಉಪಯುಕ್ತ ಸಂಗ್ರಹ ನೋಡಬೇಕು; ಶೇ 65ಕ್ಕಿಂತ ಕಡಿಮೆಯಿದ್ದರೆ ಮೇಲಿನ ಅಣೆಕಟ್ಟುಗಳು ನೀರು ಬಿಡಬೇಕು. ನ್ಯಾಯಸಮ್ಮತವಾದ ಏರ್ಪಾಡು ಇದು. ಆ ಮಿತಿಯನ್ನು ಇಳಿಸಬೇಕೆಂಬ ಸಲಹೆಯೂ ಈಗ ಚರ್ಚೆಗೆ ಬಂದಿದೆ.

ಲೆಕ್ಕ ಎಷ್ಟು ಸೂಕ್ಷ್ಮವೆಂಬುದನ್ನು ಗಮನಿಸಿ. ಮೇಲಿನ ಅಣೆಕಟ್ಟುಗಳು ಬಿಡಬೇಕಾದದ್ದು 2015ರಲ್ಲಿ 12.84 ಟಿಎಂಸಿ. 2018ರಲ್ಲಿ 8.99. 2023ರ ಅಕ್ಟೋಬರ್ 30ರಂದು ಗೋದಾವರಿ ಮರಾಠವಾಡ ನೀರಾವರಿ ಅಭಿವೃದ್ಧಿ ನಿಗಮ ಹೊರಡಿಸಿದ ಆದೇಶದಲ್ಲಿ 8.603 ಟಿಎಂಸಿ, ಅದರಲ್ಲಿ ಗಂಗಾಪುರ ಸಮೂಹದಿಂದ 0.5, ದಾರಣಾ ಸಮೂಹದಿಂದ 2.643. ದಶಾಂಶದ ಮೂರನೆಯ ಸ್ಥಾನಕ್ಕೂ ವಕೀಲರು ವಾದಿಸಿದರು, ರೈತರು ಹೆದ್ದಾರಿಯಲ್ಲಿ ಕೂತರು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆ ನೀರು ಎಂಥದ್ದು ಎಂಬುದರ ಬಗ್ಗೆ ಆದೇಶದ ಲೆಕ್ಕದಲ್ಲಿ ಜಾಗವಿರಲಿಲ್ಲ. ಕೊಟ್ಟವರು ಹೇಳಬೇಕಾಗಿರಲಿಲ್ಲ, ಪಡೆದವರು ಕೇಳುವ ಅವಕಾಶವೂ ಇರಲಿಲ್ಲ.

ನಮ್ಮ ಮುಖ್ಯ ಆಕ್ಷೇಪ ಇದು. ನೀರಿನ ಪಾಲು ಒಂದು ಇಲಾಖೆಯ ಹೊಣೆ, ನೀರಿನ ಶುದ್ಧಿ ಇನ್ನೊಂದರದು. ಒಳಚರಂಡಿ ಪಾಲಿಕೆಯದು, ಕಾರ್ಖಾನೆಯ ತ್ಯಾಜ್ಯ ಮಂಡಳಿಯದು, ಘಾಟುಗಳು ಕುಂಭಮೇಳ ಪ್ರಾಧಿಕಾರದವು. ನದಿ ಮಾತ್ರ ಯಾರದ್ದೂ ಅಲ್ಲ. ಮೇಲಿನ ನಗರ ನೂರು ಕೊಡ ಕೊಟ್ಟು, ಅದರಲ್ಲಿ ತನ್ನ ಕೊಳಚೆ ಎಷ್ಟು ಬೆರೆತಿದೆಯೆಂದು ಹೇಳದೆ ಇದ್ದರೆ, ಕೆಳಗಿನವರಿಗೆ ನಿಜವಾಗಿ ಸಿಕ್ಕ ಪಾಲು ಎಷ್ಟು? ಸಮಾನ ಹಂಚಿಕೆಯ ಕಾನೂನು ಈ ಪ್ರಶ್ನೆಗೆ ಉತ್ತರಿಸದಿದ್ದರೆ ಅದರ ಅರ್ಧ ಆಶಯ ಈಡೇರಲಿಲ್ಲವೆಂದೇ ಹೇಳಬೇಕು.

ಹೊಣೆ ಕೇಳುವವರೂ ಇರಲಿಲ್ಲ. ನಾಸಿಕ್ ಮಹಾನಗರಪಾಲಿಕೆಯ ಚುನಾಯಿತ ಅವಧಿ 2022ರ ಮಾರ್ಚ್‌ನಲ್ಲಿ, ಸಂಭಾಜಿನಗರದ್ದು 2020ರ ಏಪ್ರಿಲ್‌ನಲ್ಲಿ ಮುಗಿಯಿತು. ಮತದಾನ ನಡೆದದ್ದು 2026ರ ಜನವರಿ 15ರಂದು. ಇಷ್ಟು ವರ್ಷ ಎರಡೂ ನಗರಗಳು ಆಡಳಿತಾಧಿಕಾರಿಗಳ ಕೈಯಲ್ಲಿದ್ದವು. ವಾರ್ಡಿನ ಹೆಣ್ಣುಮಗಳೊಬ್ಬಳು ನಾರುವ ನೀರಿನ ಬಾಟಲಿ ಹಿಡಿದು ಸಭೆಯಲ್ಲಿ ಪ್ರಶ್ನಿಸಲು ಸಭೆಯೇ ಇರಲಿಲ್ಲ. ನಾಸಿಕ್ ರೋಡ್-ದೇವಳಾಲಿಗೆ ಒಂದು ಕಾಲದಲ್ಲಿ ತನ್ನದೇ ನಗರಸಭೆಯಿತ್ತು. 1982ರಲ್ಲಿ ಅದು ದೊಡ್ಡ ಪಾಲಿಕೆಯಲ್ಲಿ ವಿಲೀನವಾಯಿತು. ದೊಡ್ಡದರಲ್ಲಿ ಸೇರಿದ ಸಣ್ಣ ಊರಿನ ದನಿ ಕೇಳಬೇಕಾದರೆ ಪ್ರತಿನಿಧಿಗಳು ಬೇಕು. ಈಗ ಅವರು ಆರಿಸಿ ಬಂದಿದ್ದಾರೆ. ಚೇಹೆಡಿಯ ಪ್ರಶ್ನೆ ಅವರ ಮೇಜಿನ ಮೇಲಿದೆ.

ಮುಂದಿರುವುದು ಕುಂಭ. 2026ರ ಅಕ್ಟೋಬರ್ 31ರಂದು ತ್ರ್ಯಂಬಕೇಶ್ವರದಲ್ಲೂ ರಾಮಕುಂಡದಲ್ಲೂ ಧ್ವಜಾರೋಹಣ. 2027ರ ಆಗಸ್ಟ್ 2, ಆಗಸ್ಟ್ 31 ಮತ್ತು ಸೆಪ್ಟೆಂಬರ್ 11ರಂದು ನಾಸಿಕ್‌ನಲ್ಲಿ ಅಮೃತಸ್ನಾನ. ಕೋಟಿಗಟ್ಟಲೆ ಯಾತ್ರಿಕರು ಬರುತ್ತಾರೆ. ಕರ್ನಾಟಕದಿಂದ ಹೊರಡುವವರ ಸಂಖ್ಯೆಯೂ ಸಣ್ಣದಲ್ಲ. ರಸ್ತೆ, ಸೇತುವೆ, ಘಾಟು, ದೀಪಗಳಿಗೆ ಸಾವಿರಾರು ಕೋಟಿ ರೂಪಾಯಿ ಹರಿಯುತ್ತಿದೆ. ಶುದ್ಧೀಕರಣ ಘಟಕಗಳನ್ನು ಮೇಲ್ದರ್ಜೆಗೇರಿಸುವ ಯೋಜನೆಯೂ ಪಟ್ಟಿಯಲ್ಲಿದೆ. 2003ರ ಆಗಸ್ಟ್ 27ರ ಕಾಲ್ತುಳಿತದಲ್ಲಿ 39 ಜನ ಸತ್ತ ಊರು ಇದು. ಜನಸಂದಣಿಯ ಸಿದ್ಧತೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ.

ಆದರೆ ಆದ್ಯತೆ ಯಾವುದಕ್ಕೆ ಎಂಬುದು ತಪೋವನದಲ್ಲಿ ಬಯಲಾಯಿತು. ಕುಂಭಕ್ಕೆ ಬರುವ ಸಾಧುಗಳ ವಸತಿಯಾದ ಸಾಧುಗ್ರಾಮಕ್ಕಾಗಿ ಅಲ್ಲಿಯ ಸಾವಿರದ ಏಳುನೂರಕ್ಕೂ ಹೆಚ್ಚು ಮರಗಳಿಗೆ ಕೊಡಲಿ ಹಾಕಲು 2025ರ ನವೆಂಬರ್‌ನಲ್ಲಿ ಪಾಲಿಕೆ ಸೂಚನೆ ಹೊರಡಿಸಿತು. ರಾಮ, ಲಕ್ಷ್ಮಣ, ಸೀತೆಯರು ಅರಣ್ಯವಾಸ ಕಳೆದರೆಂದು ನಂಬಿರುವ ಪಂಚವಟಿಯ ಪಕ್ಕದಲ್ಲಿ, ತಪಸ್ಸಿನ ಹೆಸರು ಹೊತ್ತ ವನದಲ್ಲಿ! ವಿದ್ಯಾರ್ಥಿಗಳು, ಹಿರಿಯ ನಾಗರಿಕರು ಮರಗಳ ಬಳಿ ಬಂದು ನಿಂತು ಪ್ರತಿಭಟಿಸಿದರು. ಸಾಧುಗಳಿಗೆ ನೆರಳು ಕೊಡಲು ಮರ ಕಡಿಯಬೇಕೆಂಬ ವಾದ ಅವರಿಗೆ ಅರ್ಥವಾಗಲಿಲ್ಲ. ನಮಗೂ ಆಗಿಲ್ಲ.

ಇನ್ನೊಂದು ಹಳೆಯ ರೂಢಿಯಿದೆ. ಸ್ನಾನದ ದಿನಗಳಿಗೆ ಗಂಗಾಪುರದಿಂದ ನೀರು ಬಿಡುತ್ತಾರೆ, ರಾಮಕುಂಡ ತಿಳಿಯಾಗುತ್ತದೆ, ಕೊಳೆ ಕೆಳಗಿನ ಊರುಗಳಿಗೆ ಕೊಚ್ಚಿಹೋಗುತ್ತದೆ. ಹೂಳು ತುಂಬಿ ಸಾಮರ್ಥ್ಯ ಸುಮಾರು 5.6 ಟಿಎಂಸಿಗೆ ಇಳಿದಿರುವ ಅಣೆಕಟ್ಟು ಅದು; ನಗರದ ಕುಡಿಯುವ ನೀರಿನ ಮುಖ್ಯ ಆಧಾರ. ಕುಡಿಯುವ ನೀರಿನಿಂದ ಚರಂಡಿ ತೊಳೆಯುವುದಕ್ಕೆ ಶುದ್ಧೀಕರಣ ಎಂಬ ಹೆಸರು ಸಲ್ಲದು. ಮೂಲದಲ್ಲಿ ಕೊಳಚೆ ತಡೆಯದೆ ನದಿಗೆ ಸುರಿದ ದುಡ್ಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಪಶ್ಚಿಮದ ದಮನಗಂಗಾ, ವೈತರಣಾ ಕಣಿವೆಗಳ ನೀರನ್ನು ಗೋದಾವರಿಗೆ ತಿರುಗಿಸುವ ಭಾರೀ ಯೋಜನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. 1974ರ ಜಲಮಾಲಿನ್ಯ ಕಾಯ್ದೆ ಅರ್ಧ ಶತಮಾನ ದಾಟಿದೆ. ಗೋದಾವರಿಯ ಮಾಲಿನ್ಯದ ಮೇಲೆ 2012ರಲ್ಲಿ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಿಂದ ನಿರ್ದೇಶನಗಳು ಬಂದವು, ತಜ್ಞ ಸಂಸ್ಥೆ ನೀರಿ ಅಧ್ಯಯನಕ್ಕಿಳಿಯಿತು. 2017ರ ಫೆಬ್ರುವರಿ 22ರಂದು ಸುಪ್ರೀಂ ಕೋರ್ಟ್ ದೇಶದ ಎಲ್ಲ ಊರುಗಳಿಗೂ ಕೊಳಚೆ ಶುದ್ಧೀಕರಣಕ್ಕೆ ಮೂರು ವರ್ಷದ ಗಡುವು ಕೊಟ್ಟಿತು. ತ್ಯಾಜ್ಯ ನಿರ್ವಹಣೆಯ ವೈಫಲ್ಯಕ್ಕಾಗಿ 2022ರ ಸೆಪ್ಟೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ಮಹಾರಾಷ್ಟ್ರಕ್ಕೆ 12,000 ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಆದೇಶಗಳಿಗೆ ಬರವಿಲ್ಲ.

ಮರಾಠಿ ನೆಲದ ಈ ನದಿಯ ಬಗ್ಗೆ ಕನ್ನಡದಲ್ಲಿ ಏಕೆ ಬರೆಯಬೇಕೆಂದು ಓದುಗರು ಕೇಳಬಹುದು. ರೈಲ್ವೆ, ಸೇನೆ, ಕಾರ್ಖಾನೆ, ಬ್ಯಾಂಕುಗಳ ನೌಕರಿಗೆಂದು ಬಂದು ಇಲ್ಲಿಯೇ ನೆಲೆ ನಿಂತ ಕನ್ನಡ ಮನೆಗಳವರು ಕುಡಿಯುವುದು ಈ ನೀರನ್ನೇ. 9ನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡನಾಡಿನ ಬಡಗಣ ಎಲ್ಲೆಯಾಗಿ ಹೆಸರಿಸಿದ್ದು ಗೋದಾವರಿಯನ್ನು. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಎಲ್ಲೋರದ ಕೈಲಾಸ ನಿಂತಿರುವುದು ಸಂಭಾಜಿನಗರ ಜಿಲ್ಲೆಯಲ್ಲಿ. ಗಡಿಯ ಹಕ್ಕು ಸ್ಥಾಪಿಸಲು ಇದನ್ನು ಹೇಳುತ್ತಿಲ್ಲ. ಎಲ್ಲೆಯೆಂದು ಪೂರ್ವಿಕರು ಗುರುತಿಸಿದ ನದಿಯ ಬಗ್ಗೆ ಅದರ ದಂಡೆಯಲ್ಲಿರುವವರಿಗೆ ಕರ್ತವ್ಯವಿದೆ ಎಂದಷ್ಟೇ ಹೇಳುತ್ತಿದ್ದೇವೆ.

ಕರ್ನಾಟಕ ಇದರಲ್ಲಿ ಬುದ್ಧಿ ಹೇಳುವ ಸ್ಥಾನದಲ್ಲೂ ಇಲ್ಲ. ಬೆಂಗಳೂರಿನ ವೃಷಭಾವತಿ ಹೊಳೆಯೆಂಬುದನ್ನೇ ಜನ ಮರೆತಿದ್ದಾರೆ. ಬೆಳ್ಳಂದೂರು ಕೆರೆ ನೊರೆಯುಕ್ಕಿ ಬೆಂಕಿ ಹತ್ತಿದ್ದನ್ನು ಜಗತ್ತು ನೋಡಿದೆ. ಬೀದರ್ ಜಿಲ್ಲೆ ಮಾಂಜರಾ ನದಿಯ ಮೂಲಕ ಗೋದಾವರಿ ಕಣಿವೆಗೇ ಸೇರಿದೆ. ನಾಸಿಕ್‌ನ ಕೊಳಚೆ ಅಲ್ಲಿಗೆ ತಲುಪದು, ಆದರೆ ಕಣಿವೆ ಒಂದೇ. ಇಲ್ಲಿ ಒಂದು ಒಳ್ಳೆಯ ಪದ್ಧತಿ ಜಾರಿಗೆ ಬಂದರೆ ಅಲ್ಲಿಯೂ ಕೇಳಲು ದಾರಿಯಾದೀತು.

ಏನು ಆಗಬೇಕು? ಜಲಸಂಪತ್ತು ನಿಯಂತ್ರಣ ಪ್ರಾಧಿಕಾರ ಅಕ್ಟೋಬರ್ 15ರ ಲೆಕ್ಕಪತ್ರದಲ್ಲಿ ನೀರಿನ ಪ್ರಮಾಣದ ಪಕ್ಕದಲ್ಲೇ ಗುಣದ ಕಾಲಂ ಸೇರಿಸಬೇಕು. ಸೋಮೇಶ್ವರ, ರಾಮಕುಂಡ, ತಪೋವನದ ಕೆಳಗೆ, ಚೇಹೆಡಿ, ನಾಂದೂರ ಮಧ್ಮೇಶ್ವರ, ಪೈಠಣ: ಈ ಆರು ಕಡೆಯ ಅಳತೆ ಅದರಲ್ಲಿ ದಾಖಲಾಗಲಿ. ಮಿತಿ ಮೀರಿದ ಕೊಳೆಯೊಂದಿಗೆ ಬಂದ ನೀರನ್ನು ಕೊಟ್ಟ ಪಾಲೆಂದು ಪೂರ್ಣವಾಗಿ ಎಣಿಸಬಾರದು. ಆಗ ನಾಸಿಕ್‌ನ ಕೊಳಚೆ ನಾಸಿಕ್‌ಗೇ ನಷ್ಟವಾಗುತ್ತದೆ. ಘಟಕ ಸರಿಯಾಗಿ ನಡೆಯುತ್ತಿದೆಯೇ ಎಂದು ಮೇಲಿನ ರೈತನೂ ಕೆಳಗಿನ ಗೃಹಿಣಿಯೂ ಒಟ್ಟಿಗೆ ಕೇಳುತ್ತಾರೆ. ಎರಡು ಪ್ರದೇಶಗಳ ಹಿತ ಒಂದಾಗುವ ದಾರಿ ಇದೊಂದೇ ನಮಗೆ ಕಾಣುತ್ತಿದೆ.

ಪಾಲಿಕೆ ಮೊದಲು ವಾಲದೇವಿಗೆ ಬೀಳುವ ಚರಂಡಿಗಳನ್ನು ಒಂದೊಂದಾಗಿ ಗುರುತಿಸಿ, ತಡೆದು ಘಟಕಕ್ಕೆ ತಿರುಗಿಸಬೇಕು. ಮೇಲಿನಿಂದ ನೇರ ಕೊಳವೆ ಹಾಕಿ ಒಳ್ಳೆಯ ನೀರು ತರುವ ಆಲೋಚನೆ ಜನರಿಗೆ ತುರ್ತು ಪರಿಹಾರವಾದೀತು, ನದಿಯನ್ನು ಕೈಬಿಡಲು ಅದು ನೆಪವಾಗಬಾರದು. ಕುಂಭಮೇಳ ಪ್ರಾಧಿಕಾರ ಹೊಸ ಘಾಟಿಗೆ ಕಾಂಕ್ರೀಟ್ ಸುರಿಯುವ ಮುನ್ನ ಹಳೆಯ ಕುಂಡಗಳ ಮೇಲಿನ ಕಾಂಕ್ರೀಟ್ ತೆಗೆಯಲಿ. ಮಾಲಿನ್ಯ ನಿಯಂತ್ರಣ ಮಂಡಳಿ ಅಳತೆಯ ಫಲವನ್ನು ಕಡತದಲ್ಲಿಡದೆ ರಾಮಕುಂಡದಲ್ಲಿ, ಮಾರುತಿಯ ಪಕ್ಕದಲ್ಲಿ, ಮರಾಠಿ-ಹಿಂದಿಗಳಲ್ಲಿ ದಿನವೂ ಬರೆದು ನಿಲ್ಲಿಸಲಿ. 2025ರ ಪ್ರಯಾಗರಾಜ್ ಕುಂಭದಲ್ಲಿ ಮಲಮೂಲದ ಬ್ಯಾಕ್ಟೀರಿಯಾದ ವರದಿ ಹೊರಬಂದ ಮೇಲೆ ನಡೆದ ವಾದವಿವಾದ ಇಲ್ಲಿ ಮರುಕಳಿಸಬೇಕಾಗಿಲ್ಲ. ಮೀಯಲು ಬಂದವರಿಗೆ ಮೀಯುವ ನೀರಿನ ಸ್ಥಿತಿ ಮೊದಲೇ ತಿಳಿದಿರಲಿ.

ರಾಜ್ಯ ಸರ್ಕಾರಕ್ಕೆ ಹಣದ ಕೊರತೆಯಿಲ್ಲ, ಕುಂಭ ಅದನ್ನು ತಂದಿದೆ. ಅಧಿಕಾರದ ಕೊರತೆಯಿಲ್ಲ, ಕುಂಭಮೇಳ ಪ್ರಾಧಿಕಾರಕ್ಕಾಗಿ 2025ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿಕೊಂಡಿದೆ. ಜಾಯಕವಾಡಿಯ ಲೆಕ್ಕ ನೋಡುವ ಅಕ್ಟೋಬರ್ 15ಕ್ಕೂ ಕುಂಭದ ಧ್ವಜ ಏರುವ ಅಕ್ಟೋಬರ್ 31ಕ್ಕೂ ನಡುವೆ ಇರುವುದು ಹದಿನಾರು ದಿನ. ಆ ಹಾಳೆಯಲ್ಲಿ ಹೊಸ ಕಾಲಂ ಬರೆದ ಮೇಲೆಯೇ ಧ್ವಜ ಏರಲಿ.